ಫಾಸ್ಟ್ ರಾಡು, ಸ್ಲೋ ರಾಡು ಮತ್ತು ನನ್ನ ಸುಳ್ಳು ಮೀನುಗಳು

"ತಂಗೀ, ಇದು ನಿನ್ನ ಕಡಿಂದ ಆಗೂದಲ್ಲ, ಬಿಡು" ಎಂದು ಮೊದಲು ಹೇಳಿದವರು ನನ್ನ ಭಾವ, ಯಜಮಾನರ ಅಣ್ಣ. ಮುಂಬಯಿಯ ಫೋರ್ಟಿನಲ್ಲಿ ಕಚೇರಿ ಕೆಲಸ, ಇಸ್ತ್ರಿ ಮಾಡಿದ ಶರ್ಟು, ಮಾತಿಗೂ ಇಸ್ತ್ರಿ. "ಮೀನಿನ ತಲಿ ಯಾವ ಕಡಿ, ಬಾಲ ಯಾವ ಕಡಿ ಅಂತ ಗೊತ್ತಿಲ್ಲ ನಿನಗ. ಗಾಳದ ಅಂಗಡಿ ನಡಸ್ತಾಳಂತ!"

ಅವರು ಹೇಳಿದ್ದರಲ್ಲಿ ಅರ್ಧ ನಿಜ. ನಾನು ವಿಜಯಪುರದ ಕಡೆಯವಳು. ನಮ್ಮ ಮನೆಯ ಹೊಸ್ತಿಲು ದಾಟಿ ಒಂದು ಕೋಳಿಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ಇಂಥವಳು ಮಲಾಡಿನಲ್ಲಿ ಮೀನು ಹಿಡಿಯುವ ರಾಡು ಮಾರಲು ಕೂತೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದೆ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಒಬ್ಬ ವಯಸ್ಸಾದ ಶೇಠರ ಅಂಗಡಿಯಲ್ಲಿ ಹನ್ನೊಂದು ವರ್ಷ ಕಸ ಗುಡಿಸಿದೆ, ಸಾಮಾನು ಪ್ಯಾಕ್ ಮಾಡಿದೆ. ಒಂದು ಕಡೆ ಆಟದ ಟೀ ಶರ್ಟು, ಇನ್ನೊಂದು ಕಡೆ ಗಾಳದ ಸಾಮಾನು. ರಾಡುಗಳ ಮೇಲಿನ ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಫುಟ್‌ಪಾತಿನಲ್ಲಿ ಕೊಂಡ ಹರಕು ನಿಘಂಟನ್ನು ಲೋಕಲ್ ರೈಲಿನಲ್ಲಿ ನಿಂತೇ ಓದಿ ಮುಗಿಸಿದೆ. ಕಲಿಸಿದವರು ಯಾರೂ ಇಲ್ಲ. ಹಾಗಾಗಿ ತಪ್ಪು ಕಲಿತದ್ದೂ ಬಹಳ.

ಶೇಠರ ಮೊಣಕಾಲು ಕೈಕೊಟ್ಟಾಗ ಅವರ ಮಗ, ಇಲ್ಲಿ ಮೊಬೈಲ್ ಕವರ್ ಮಾರುತ್ತೇನೆ ಎಂದ. "ನಾನು ಇದನ್ನೇ ನಡೆಸುತ್ತೇನೆ, ನನಗೆ ಕೊಡಿ" ಎಂದೆ ನಾನು. ಶೇಠರು ನ್ಯಾಯ ಹೇಳಿದರು: ಗಾಳದ ಸಾಮಾನೆಲ್ಲ ಬರುವುದು ಫೋರ್ಟಿನ ಸಗಟು ವ್ಯಾಪಾರಿಯಿಂದ. ಆ ಸಾಹೇಬರು ದೀಪಾವಳಿಯೊಳಗೆ ಏಜೆನ್ಸಿಯನ್ನು ನನ್ನ ಹೆಸರಿಗೆ ಬರೆದುಕೊಟ್ಟರೆ ಅಂಗಡಿ ನನಗೆ. ಇಲ್ಲದಿದ್ದರೆ ಮಗನಿಗೆ. ದೀಪಾವಳಿಗೆ ಇನ್ನೂ ಐದಾರು ತಿಂಗಳಿತ್ತು, ಅಲ್ಲಿಯ ತನಕ ಗಲ್ಲಾದಲ್ಲಿ ನಾನೇ.

ಸಾಹೇಬರು ಫೋನಿನಲ್ಲಿ ಒಂದೇ ಮಾತು ಹೇಳಿದರು. "ಯಾವ ಲೂರಿಗೆ ಯಾವ ರಾಡು ಅಂತ ಹೇಳಲಿಕ್ಕೆ ಬರಬೇಕು. ಒಂದು ದಿನ ಬಂದು ಪರೀಕ್ಷೆ ಮಾಡುತ್ತೇನೆ." ಯಾವ ದಿನ ಎಂದು ಹೇಳಲಿಲ್ಲ.

ಲೂರ್ ಅಂದರೆ ಸುಳ್ಳು ಮೀನು. ಪ್ಲಾಸ್ಟಿಕ್ಕಿನದೋ, ರಬ್ಬರಿನದೋ, ಮರದ್ದೋ. ಒಂದು ತಳದಲ್ಲಿ ಕುಪ್ಪಳಿಸುತ್ತದೆ, ಒಂದು ನಡು ಕುಣಿಸುತ್ತ ಈಜುತ್ತದೆ, ಇನ್ನೊಂದು ನೀರ ಮೇಲೆ ಗುಳುಂ ಗುಳುಂ ಎನ್ನುತ್ತ ಬರುತ್ತದೆ. ಒಂದೊಂದರ ನಡಿಗೆಗೆ ಒಂದೊಂದು ರಾಡು. ತಪ್ಪು ರಾಡಿಗೆ ಕಟ್ಟಿದರೆ ಸುಳ್ಳು ಮೀನು ಸುಳ್ಳಾಗಿಯೇ ಕಾಣುತ್ತದೆ, ಖರೇ ಮೀನು ನಕ್ಕು ಹೋಗುತ್ತದೆ. ಆ ಐದಾರು ತಿಂಗಳು ಮೀನುಗಳ ಜೊತೆ ಮಲಾಡಿನವರೂ ನಕ್ಕರು. ಇಂಥ ಅಂಗಡಿಯಲ್ಲಿ ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಅದೇ ಮೊದಲ ಗಿರಾಕಿ.

ಎಲ್ ಅಂದರೆ

ಹನ್ನೊಂದು ವರ್ಷವೂ ಪ್ಯಾಕ್ ಮಾಡುವ ಕೆಲಸ ನನ್ನದು, ಆರಿಸಿ ಕೊಡುವ ಮಾತು ಶೇಠರದು. ಹಾಗಾಗಿ ರಾಡಿನ ಮೇಲೆ ಎಲ್, ಎಂ, ಎಚ್ ಎಂದು ಇರುವುದನ್ನು ಓದಿದ್ದೆನೇ ಹೊರತು ಯಾರನ್ನೂ ಕೇಳಿರಲಿಲ್ಲ. ಕೇಳುವುದೇನಿದೆ? ಪಕ್ಕದ ಕಪಾಟಿನ ಟೀ ಶರ್ಟಿನ ಮೇಲೂ ಎಲ್, ಎಂ ಇತ್ತು.

ಮೊದಲನೇ ವಾರ ಜಿಮ್ಮಿಗೆ ಹೋಗುವ ಒಬ್ಬ ಹುಡುಗಾಟದ ಮನುಷ್ಯ ಬಂದ. ತೋಳು ನನ್ನ ಸೊಂಟದಷ್ಟು. ಅರವತ್ತು ಗ್ರಾಮಿನ ಒಂದು ದಪ್ಪ ಸುಳ್ಳು ಮೀನು ಆರಿಸಿಕೊಂಡು, "ಇದಕ್ಕೆ ದೊಡ್ಡ ರಾಡು ಕೊಡಿ ಮೇಡಂ" ಎಂದ. ನಾನು ಅವನ ಎದೆಯ ಅಳತೆ ಕಣ್ಣಲ್ಲೇ ತೆಗೆದು ಎಲ್ ಕೊಟ್ಟೆ. ಎಲ್ ಅಂದರೆ ಲಾರ್ಜ್ ಅಲ್ಲ, ಲೈಟ್. ಐದಾರು ಗ್ರಾಮಿನ ಮೀನಿಗೆ ಮಾಡಿದ ಹಗುರ ರಾಡು ಎಂದು ನನಗೆ ಗೊತ್ತಾದದ್ದು ಮರುದಿನ.

ಮರುದಿನ ಅವನು ಮಢ್ ಕಡೆಯ ದಂಡೆಗೆ ಹೋಗಿ, ಇದ್ದ ಬಲವನ್ನೆಲ್ಲ ಹಾಕಿ ಬೀಸಿದ್ದಾನೆ. ರಾಡು ಟಕ್ ಎಂದು ಎರಡಾಯಿತು. ಸುಳ್ಳು ಮೀನು ಸಮುದ್ರದ ಕಡೆ ಹೋಗುವ ಬದಲು ಹಿಂದಕ್ಕೆ ಹಾರಿ, ಬಿದಿರಿನ ಗಳಕ್ಕೆ ಬೊಂಬಿಲ್ ಮೀನು ಒಣಹಾಕಿದ್ದ ಹಗ್ಗಕ್ಕೆ ಸಿಕ್ಕಿಕೊಂಡಿತು. ಅವನು ಎಳೆದ, ಗಳ ಬಿತ್ತು. ಮೀನಿನ ಒಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಮಣ್ಣಿಗೆ ಬಿದ್ದ ಅಷ್ಟೂ ಬೊಂಬಿಲನ್ನು ಅವನೇ ಕೊಳ್ಳಬೇಕಾಯಿತು.

ಸಂಜೆ ನನ್ನ ಗಲ್ಲಾದ ಮುಂದೆ ನಿಂತ. ಒಂದು ಕೈಯಲ್ಲಿ ರಾಡಿನ ಎರಡು ತುಂಡು, ಇನ್ನೊಂದರಲ್ಲಿ ನಾರುವ ಪೊಟ್ಟಣ. ಹೊಸ ರಾಡು ಕೊಡಲು ಎದ್ದೆ. ಅವನು ಕೈ ಮುಗಿದ.

"ಮೇಡಂ, ಮುರಿದದ್ದಕ್ಕೆ ಬೇಜಾರಿಲ್ಲ. ಮೊದಲ ಎಸೆತಕ್ಕೇ ಐವತ್ತು ಮೀನು, ಅದೂ ಒಣಗಿಸಿಯೇ ಕೊಡುವ ರಾಡು ಬೇರೆ ಯಾವ ಅಂಗಡಿಯಲ್ಲಿದೆ ಹೇಳಿ?"

ನಲವತ್ತು ಗ್ರಾಂ

ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಧಾರವಾಡದ ಹಿರಿಯರು ನನ್ನ ಕನ್ನಡ ಕೇಳಿ ದಾರಿಯಿಂದ ಒಳಗೆ ಬಂದರು. "ಏನವಾ, ನಮ್ಮ ಕಡಿಯಾಕಿ ಏನು ನೀ?" ಎಂದರು. ನಾನು ಹೌದೆಂದ ಮೇಲೆ ಖುರ್ಚಿ ಎಳೆದುಕೊಂಡು ಕೂತರು. ಮನೆಯಲ್ಲಿ ಹೊತ್ತು ಹೋಗುವುದಿಲ್ಲ, ಡಾಕ್ಟರು ಏನಾದರೂ ಹವ್ಯಾಸ ಹಚ್ಚಿಕೊಳ್ಳಿ ಎಂದಿದ್ದಾರೆ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟರೆ ಪಾಪ ಬರುವುದಿಲ್ಲ ಎಂದು ಹೆಂಡತಿ ಒಪ್ಪಿದ್ದಾರೆ.

ನಾನೊಂದು ರಾಡು ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಅದರ ಮೇಲಿನ ಬರಹವನ್ನು ಸಾಲಪತ್ರ ಓದಿದ ಹಾಗೆ ಓದಿದರು. ಆಮೇಲೆ ನನ್ನ ಮುಖ ನೋಡಿದರು.

"ಹದಿನೈದರಿಂದ ನಲವತ್ತು ಗ್ರಾಂ ಅಂತ ಬರದೈತಿ."

"ಹೌದ್ರಿ ಕಾಕಾ."

"ಅಲ್ಲವಾ, ಏಳು ಫೂಟಿನ ಬಡಿಗಿ ಹಿಡ್ಕೊಂಡು ಬಿಸಲಾಗ ನಿಂತು ನಲವತ್ತ ಗ್ರಾಂ ಮೀನ ಹಿಡೀಲೇನು? ನನ್ನ ಹಲ್ಲಿನ ಸೆಟ್ ಅದಕ್ಕಿಂತ ಭಾರ ಐತಿ."

"ಅದು ಹಿಡಿಯೂ ಮೀನಿನ ತೂಕ ಅಲ್ರಿ ಕಾಕಾ, ಎಸಿಯೂ ಸುಳ್ಳ ಮೀನಿನ ತೂಕ. ಅದಕ್ಕಿಂತ ಹಗುರ ಇದ್ರ ದೂರ ಹೋಗೂದಿಲ್ಲ, ಭಾರ ಇದ್ರ ರಾಡು ಮುರೀತೈತಿ. ಖರೇ ಮೀನು ಎಷ್ಟ ತೂಗಬೇಕು ಅನ್ನೂದು ಅದರ ಮರ್ಜಿ."

ತೃಪ್ತರಾಗಿ ರಾಡನ್ನೂ ಒಂದು ಸುಳ್ಳು ಮೀನನ್ನೂ ಕೊಂಡು ಹೋದರು. ಮರುದಿನ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಹೆಂಡತಿಯ ಅಡುಗೆಮನೆಯ ತಕ್ಕಡಿಯಲ್ಲಿ ಸುಳ್ಳು ಮೀನನ್ನು ತೂಗಿದ್ದಾರೆ. "ಹದಿನಾಲ್ಕ ಗ್ರಾಂ ಬಂತು. ಒಂದ ಗ್ರಾಂ ಕಮ್ಮಿ. ನಿಯಮದಾಗ ಕುಂದರೂದಿಲ್ಲಲಾ!"

"ಒಂದ ಗ್ರಾಂ ನಡೀತೈತ್ರಿ ಕಾಕಾ."

"ನೀ ಬಾಯಿಲೆ ಅಂದ್ರ ಹೆಂಗ? ಮೂವತ್ತೈದು ವರ್ಷ ಬ್ಯಾಂಕಿನಾಗ ದುಡದಂವ ನಾನು. ಬರದು ಕೊಡು."

ಬಿಲ್ಲಿನ ಹಿಂದೆ ಬರೆದುಕೊಟ್ಟೆ: ಒಂದು ಗ್ರಾಂ ಮಾಫಿ. ಮೀನು ತಕರಾರು ತೆಗೆದರೆ ಅಂಗಡಿಗೆ ಕಳಿಸುವುದು.

ಓದಿದರು, ಮಡಚಿ ಜೇಬಿಗಿಟ್ಟರು, ಮತ್ತೆ ತೆಗೆದರು. "ಸಹಿ ಹಾಕಿಲ್ಲಲವಾ?"

ವಿರಾರ್ ಫಾಸ್ಟ್

ರಾಡಿನ ಮೇಲೆ ಇನ್ನೊಂದು ತಲೆನೋವು ಬರೆದಿರುತ್ತದೆ. ಅದರ ಹೆಸರು ಆಕ್ಷನ್. ಫಾಸ್ಟ್, ಸ್ಲೋ, ನಡುವೆ ಮಾಡರೇಟ್. ಫಾಸ್ಟ್ ಅಂದರೆ ಮೀನು ಬೇಗ ಬೀಳುತ್ತದೆ ಎಂದು ತಿಳಿದು ಎಲ್ಲರೂ ಫಾಸ್ಟೇ ಕೇಳುತ್ತಿದ್ದರು. ಈ ಊರಿನಲ್ಲಿ ಸ್ಲೋ ಎಂದು ಬರೆದದ್ದನ್ನು ಯಾರೂ ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ.

ಒಬ್ಬ ಗಿರಾಕಿ ನಡು ಕುಣಿಸುವ ಸುಳ್ಳು ಮೀನಿಗೆ ಫಾಸ್ಟ್ ರಾಡು ಹಾಕಿಕೊಂಡು, ಸಮುದ್ರದ ನೀರು ಒಳಕ್ಕೆ ಚಾಚಿದ ಖಾಡಿಯಲ್ಲಿ ಒಂದು ದೊಡ್ಡ ಜಿತಾಡಾ ಕಳೆದುಕೊಂಡ. ಮಲಾಡಿನ ಗಾಳದವರೆಲ್ಲ ಕನಸು ಕಾಣುವ ಮೀನು ಅದು. ಗಾಳ ಅದರ ಬಾಯಿಂದ ಕಿತ್ತು ಬಂದಿತ್ತು. ಅಳುಮುಖ ಮಾಡಿಕೊಂಡು ಬಂದವನಿಗೆ ಹೇಗೆ ತಿಳಿಹೇಳುವುದೋ ತೋಚದೆ, ಬಾಯಿಗೆ ಬಂದದ್ದನ್ನು ಹೇಳಿದೆ.

"ನೋಡಣ್ಣ, ಫಾಸ್ಟ್ ರಾಡು ಫಾಸ್ಟ್ ಲೋಕಲ್ ಇದ್ದ ಹಾಗೆ. ತುದಿಯಲ್ಲಿ ಮಾತ್ರ ಬಾಗುತ್ತದೆ, ಮಿಕ್ಕ ಯಾವ ಸ್ಟೇಷನ್ನಿನಲ್ಲೂ ನಿಲ್ಲುವುದಿಲ್ಲ. ಸ್ಲೋ ರಾಡು ತುದಿಯಿಂದ ಹಿಡಿಕೆಯ ತನಕ ಎಲ್ಲ ಸ್ಟೇಷನ್ನಿನಲ್ಲೂ ಬಾಗುತ್ತ ಬರುತ್ತದೆ. ತಳದಲ್ಲಿ ಕುಪ್ಪಳಿಸುವ ರಬ್ಬರ್ ಮೀನಿಗೆ ಫಾಸ್ಟ್ ಬೇಕು, ಮೀನು ಮುಟ್ಟಿದ ಕೂಡಲೇ ಕೈಗೆ ಸುದ್ದಿ ಬರಬೇಕು. ನಿನ್ನ ಈ ಮೀನಿಗೆ ಮೂರು ಮುಳ್ಳಿನ ಗಾಳ ಇದೆ. ಜಿತಾಡಾ ಎಳೆದಾಗ ರಾಡು ಬಾಗಿ ಕೊಡಬೇಕು, ಇಲ್ಲದಿದ್ದರೆ ಬಾಯಿ ಹರಿದು ಹೋಗುತ್ತದೆ. ನಿನಗೆ ಬೇಕಾದದ್ದು ಎರಡರ ನಡುವಿನ ಸೆಮಿಫಾಸ್ಟ್."

ಅವನ ಮುಖ ಅರಳಿತು. ಶೇಠರು ಹನ್ನೊಂದು ವರ್ಷ ಹೇಳಿ ತಿಳಿಸಲಾಗದ್ದು ಒಂದು ಲೋಕಲ್‌ನಿಂದ ತಿಳಿಯಿತು. ವಾರದೊಳಗೆ ಮಲಾಡ್ ಪೂರ್ತಿ ಅದೇ ಮಾತು, ರಾಡುಗಳಿಗೆ ಲೋಕಲ್ ರೈಲುಗಳ ಹೆಸರೇ ಬಿತ್ತು. ಶನಿವಾರ ಸಂಜೆ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು. "ಭಾಭೀ, ಏಕ್ ವಿರಾರ್ ಫಾಸ್ಟ್ ದೇನಾ!" "ಮೇರೇಕೋ ಬೋರಿವಲಿ ಸ್ಲೋ!"

ಅಂಥ ಒಂದು ಶನಿವಾರ ಸಾಲಿನಲ್ಲಿ ಕಾಸೆ ಸೀರೆಯ ಒಬ್ಬ ಅಜ್ಜಿ. ಹತ್ತು ನಿಮಿಷ ತಾಳ್ಮೆಯಿಂದ ನಿಂತು, ತನ್ನ ಸರದಿ ಬಂದಾಗ ಗಲ್ಲಾದ ಮೇಲೆ ಚಿಲ್ಲರೆ ಇಟ್ಟು, "ಚರ್ಚ್‌ಗೇಟ್, ರಿಟರ್ನ್" ಎಂದಳು.

ಇಲ್ಲಿ ಟಿಕೆಟ್ ಸಿಗುವುದಿಲ್ಲ ಆಜೀ, ಸ್ಟೇಷನ್ ಎರಡು ಗಲ್ಲಿ ಆಚೆ ಎಂದೆ. ಅಜ್ಜಿ ನಂಬಲಿಲ್ಲ. ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ರಾಡುಗಳನ್ನು ಕೆಳಗಿಂದ ಮೇಲೆ ನೋಡಿ ಮರಾಠಿಯಲ್ಲಿ ಗದರಿದಳು: "ಟಿಕೆಟ್ ಇಲ್ಲ ಅಂದರೆ, ಹಿಡಿದು ನಿಲ್ಲುವ ಈ ಕಂಬಗಳನ್ನು ಯಾಕೆ ಮಾರುತ್ತಿದ್ದೀ?"

ಮುಂದಿನ ಬಾಗಿಲು

ಸೆಮಿಫಾಸ್ಟ್ ಒಯ್ದವನಿಗೆ ಜಿತಾಡಾ ಸಿಕ್ಕೇಬಿಟ್ಟಿತು. ಸಿಕ್ಕ ಖುಷಿಗೆ ಆ ಪುಣ್ಯಾತ್ಮ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಮಟಮಟ ಮಧ್ಯಾಹ್ನ ತಂದು ನನ್ನ ಗಲ್ಲಾದ ಮೇಲೆ ಮಲಗಿಸಿದ. "ಮೇಡಂ, ಇದು ನಿಮಗೇ. ಮೊದಲ ಮೀನು ಗುರುವಿಗೆ."

ಮೀನು ನನ್ನನ್ನೇ ನೋಡುತ್ತಿತ್ತು. ಹಾಗೆ ನೋಡಿದ್ದರಿಂದ ಅದರ ತಲೆ ಯಾವ ಕಡೆ ಎನ್ನುವುದಂತೂ ಅಂದು ಖಾತ್ರಿಯಾಯಿತು. ಬೇಡ ಎಂದರೆ ಅವನ ಮನಸ್ಸು ಮುರಿಯುತ್ತದೆ. ಮೀನು ತಿನ್ನದವಳು ಎಂದು ಹೇಳಿದರೆ ರಾಡಿನ ಬಗ್ಗೆ ನನ್ನ ಮಾತನ್ನು ಇನ್ನು ಯಾರು ನಂಬುತ್ತಾರೆ? ಮನೆಗೆ ಒಯ್ದರೆ ಅತ್ತೆ ನನ್ನನ್ನೂ ಮೀನನ್ನೂ ಒಟ್ಟಿಗೆ ಹೊರಗೆ ಹಾಕುತ್ತಾರೆ. ಎರಡೂ ಕೈಯಿಂದ ತೆಗೆದುಕೊಂಡು, ಹಣೆಗೆ ಮುಟ್ಟಿಸುವ ಹಾಗೆ ಮಾಡಿ, ಮುಟ್ಟಿಸದೆ ಇಳಿಸಿದೆ.

ಅವನು ಹೋದ ಮೇಲೆ ಅಕ್ಕಪಕ್ಕ ನೋಡಿದೆ. ಪಕ್ಕದಲ್ಲಿ ಇರುವುದು ಉಡುಪಿ ಕಡೆಯವರ ಹೋಟೆಲು. ಬಾಗಿಲ ಮೇಲೆ ಮೊಳದುದ್ದದ ಅಕ್ಷರದಲ್ಲಿ ಶುದ್ಧ ಶಾಕಾಹಾರಿ ಎಂಬ ಬೋರ್ಡು. ಅಲ್ಲಿ ಕೇಳುವುದು ಅಧಿಕಪ್ರಸಂಗ. ಆದರೂ ಅವರ ಹತ್ತಿರ ಐಸ್ ಇದೆ, ಸಂಜೆಯ ತನಕ ಕೆಡದೆ ಇದ್ದರೆ ಯಾರಿಗಾದರೂ ಕೊಡಬಹುದು ಎಂದು ಯೋಚಿಸಿ, ಗಲ್ಲಾದಲ್ಲಿ ಕೂತಿದ್ದ ಹೋಟೆಲಿನ ಮಾಲೀಕರ ಬಳಿ ಹೋದೆ.

"ಅಣ್ಣಾ, ತಪ್ಪು ತಿಳಿಯಬೇಡಿ. ಒಂದು ಮೀನು ಬಂದುಬಿಟ್ಟಿದೆ..."

ಅವರು ಥಟ್ಟನೆ ಎದ್ದು ನಿಂತರು. ಬೋರ್ಡಿನ ಕಡೆ ನೋಡಿದರು, ದೋಸೆ ತಿನ್ನುತ್ತಿದ್ದವರ ಕಡೆ ನೋಡಿದರು. ನಾನು ನಾಲಿಗೆ ಕಚ್ಚಿಕೊಂಡೆ. ಅವರು ಬಗ್ಗಿ, ದನಿ ತಗ್ಗಿಸಿ ಕೇಳಿದರು: "ಎಂಥ ಮೀನು?"

"ಜಿತಾಡಾ ಅಂತೆ."

"ಅಯ್ಯೋ ಮಾರಾಯ್ರೆ, ಹಿಂದಿನ ಬಾಗಿಲಿಗೆ ತನ್ನಿ! ಬೋರ್ಡು ಹಾಕಿದ್ದು ಮುಂದಿನ ಬಾಗಿಲಿಗೆ ಮಾತ್ರ."

ಮಾರ್ವೆ ಜೆಟ್ಟಿ

ದೀಪಾವಳಿಗೆ ನಾಲ್ಕು ದಿನ ಇರುವಾಗ, ಭಾನುವಾರ ಬೆಳಿಗ್ಗೆ, ಫೋರ್ಟಿನ ಸಾಹೇಬರು ಹೇಳದೆ ಕೇಳದೆ ಬಂದಿಳಿದರು. ಅದೇ ಹೊತ್ತಿಗೆ ಶೇಠರ ಮಗ ಟೇಪು ಹಿಡಿದು ನನ್ನ ಗೋಡೆ ಅಳೆಯುತ್ತಿದ್ದ. ಮೊಬೈಲ್ ಕವರಿಗೆ ಎಷ್ಟು ಕೊಂಡಿ ಹಿಡಿಸುತ್ತವೆ ಎಂದು ನನ್ನ ಎದುರಿಗೇ ಎಣಿಸುತ್ತಿದ್ದ.

ಸಾಹೇಬರು ಚೀಲದಿಂದ ಒಂದು ಸುಳ್ಳು ಮೀನು ತೆಗೆದರು. ನಲವತ್ತು ಗ್ರಾಮಿನದು, ತೆರೆದ ಬಾಯಿ, ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮುಳ್ಳಿನ ಗಾಳ. ನೀರ ಮೇಲೆ ಗುಳುಂ ಎನ್ನುತ್ತ ಬರುವ ಪಾಪರ್. "ಇದಕ್ಕೆ ರಾಡು ಆರಿಸಿ" ಎಂದು, ತಾವೇ ತಂದಿದ್ದ ಒಂದು ರಾಡನ್ನು ಮುಂದೆ ಹಿಡಿದರು. "ಇದು ಆಗಬಹುದು, ಅಲ್ಲವೇ? ಎಲ್ಲಕ್ಕಿಂತ ದುಬಾರಿ."

ಮುಟ್ಟಿ ನೋಡಿದೆ. ಕಬ್ಬಿಣದ ಸಲಾಕಿಯಷ್ಟು ಗಡಸು. "ಬೇಡ ಸಾಹೇಬರೇ. ತುದಿ ಇಷ್ಟು ಗಡಸಾದರೆ ಈ ಮೀನು ಗುಳುಂ ಅನ್ನುವುದಿಲ್ಲ, ನೀರಿಂದ ಹೊರಗೆ ಹಾರಿ ಪಲ್ಟಿ ಹೊಡೆಯುತ್ತದೆ." ಗೋಡೆಯಿಂದ ಎಂಟಡಿಯ ಸೆಮಿಫಾಸ್ಟ್ ತೆಗೆದೆ. ಇಪ್ಪತ್ತರಿಂದ ಐವತ್ತು ಗ್ರಾಂ ಎಸೆಯುವಂಥದ್ದು. "ತುದಿ ಮೆತ್ತಗಿದೆ, ಬೆನ್ನು ಗಟ್ಟಿ ಇದೆ. ಮೀನನ್ನು ಕುಣಿಸುತ್ತದೆ, ಮುರಿಯುವುದಿಲ್ಲ."

ಸಾಹೇಬರ ಹುಬ್ಬು ಮೇಲೆ ಹೋಯಿತು. "ಬಾಯಿಪಾಠ ಸರಿ ಇದೆ. ಮುರಿಯುವುದಿಲ್ಲ ಅಂದಿರಲ್ಲ, ಅದನ್ನು ನೀರಿನಲ್ಲಿ ನೋಡೋಣ. ಮಾರ್ವೆಯ ಬೋಟು ಜೆಟ್ಟಿಗೆ ಬನ್ನಿ. ಎಸೆಯುವುದೂ ನೀವೇ."

ಅಷ್ಟೂ ವರ್ಷಗಳಲ್ಲಿ ನಾನು ಒಂದೇ ಒಂದು ಸಲವೂ ರಾಡನ್ನು ಬೀಸಿದವಳಲ್ಲ. ಒಲ್ಲೆ ಎಂದರೆ ಗೋಡೆ ಮೊಬೈಲ್ ಕವರಿಗೆ ಹೋಗುತ್ತದೆ. ಸೆರಗು ಬಿಗಿದು ರಿಕ್ಷಾ ಹತ್ತಿದೆ. ಭಾನುವಾರದ ಗಿರಾಕಿಗಳೂ ಸುದ್ದಿ ಹಿಡಿದು ಹಿಂದೆಯೇ ರಿಕ್ಷಾ ಹತ್ತಿದರು.

ಜೆಟ್ಟಿಯ ತುದಿಯಲ್ಲಿ ನಿಂತೆ. ಎಡಗಡೆ ಖಾಲಿ ನೀರು, ಬಲಗಡೆ ಆಚೆ ದಡದ ಮನೋರಿಗೆ ಜನರನ್ನು ಒಯ್ಯುವ ಫೆರಿ ಬೋಟು ಆಗಷ್ಟೇ ಬಿಟ್ಟಿತ್ತು. ಎಡಕ್ಕೆ ಎಸೆಯಬೇಕೆಂದು ಮನಸ್ಸು ಮಾಡಿದೆ, ಕಣ್ಣು ಮುಚ್ಚಿದೆ, ಬೀಸಿದೆ.

ಕಣ್ಣು ಬಿಟ್ಟಾಗ ಕೈಯಲ್ಲಿದ್ದ ರಾಡು ಕಮಾನಿನ ಹಾಗೆ ಬಾಗಿತ್ತು. ದಾರದ ರೀಲು ಕಿರ್ರೋ ಎಂದು ಚೀರುತ್ತಿತ್ತು. "ಲಾಗಲಾ! ಲಾಗಲಾ!" ಗಾಳಕ್ಕೆ ಬಿತ್ತು ಎಂದು ಗಿರಾಕಿಗಳು ಕುಣಿದರು. ಸಾಹೇಬರು ಚಪ್ಪಲಿ ಬಿಟ್ಟು, ಒದ್ದೆಯಾದೀತೆಂದು ಪಾಕೀಟನ್ನು ಅದರ ಮೇಲೆ ಎಸೆದು ಓಡಿ ಬಂದರು. "ಜಿತಾಡಾ! ಇಪ್ಪತ್ತು ಕಿಲೋಗೆ ಕಮ್ಮಿ ಇಲ್ಲ! ಬಿಡಬೇಡಿ ಮೇಡಂ, ರಾಡು ಎತ್ತಿ ಹಿಡಿಯಿರಿ!" ನಾನು ಎತ್ತಿ ಹಿಡಿದೆ. ಅದು ಎಳೆಯಿತು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಯಾರೋ ಹಿಂದಿನಿಂದ ನನ್ನ ಸೆರಗು ಹಿಡಿದುಕೊಂಡರು. ರಾಡು ಇನ್ನೂ ಬಾಗಿತು, ಮುರಿಯಲಿಲ್ಲ. "ನಲವತ್ತು ಕಿಲೋ!" ಎಂದರು ಸಾಹೇಬರು. ಅವರ ದನಿ ಒಡೆದಿತ್ತು.

ಆಗ ನೀರಿನ ನಡುವಿನಿಂದ ಒಬ್ಬ ಗಂಡಸಿನ ಬೊಬ್ಬೆ ಕೇಳಿತು.

"ಓ ತಾಯೀ! ಬೋಟ್ ಸೋಡಾ!"

ಬೋಟು ಬಿಡಿ ಎನ್ನುತ್ತಿದ್ದಾನೆ. ನನ್ನ ದಾರವನ್ನು ಕಣ್ಣಲ್ಲೇ ಹಿಡಿದುಕೊಂಡು ಹೋದೆ. ಅದು ನೀರಿಗೆ ಇಳಿದೇ ಇರಲಿಲ್ಲ. ನೆಟ್ಟಗೆ ಹೋಗಿ ಫೆರಿಯ ಪಕ್ಕಕ್ಕೆ ನೇತು ಹಾಕಿದ್ದ ಹಳೆಯ ಟೈರಿಗೆ ಮುಗಿದಿತ್ತು. ಆರು ಮುಳ್ಳೂ ಟೈರಿನಲ್ಲಿ. ಬೋಟಿನ ತುಂಬ ಜನ ಒಂದೇ ಕಡೆ ಬಂದು ನಿಂತು ನನ್ನನ್ನು ನೋಡುತ್ತಿದ್ದರು.

ಬೋಟಿನವನು ಹೆದರಿ ಇಂಜಿನ್ ಬಂದ್ ಮಾಡಿದ. ಉಬ್ಬರದ ಹೊತ್ತು, ನೀರು ಒಳಕ್ಕೆ ಬರುತ್ತಿತ್ತು. ಇಂಜಿನ್ ನಿಂತ ಫೆರಿ ತನ್ನಷ್ಟಕ್ಕೆ ಮೆಲ್ಲಗೆ ಜೆಟ್ಟಿಯ ಕಡೆ ತೇಲತೊಡಗಿತು. ದಾರ ಸಡಿಲಾಗುವುದು ಬೇಡ ಎಂದು ನಾನು ರೀಲು ಸುತ್ತುತ್ತ ಹೋದೆ. ನೋಡುವವರಿಗೆ ಕಂಡದ್ದು ಬೇರೆ: ಸೀರೆಯುಟ್ಟ ಒಬ್ಬ ಹೆಂಗಸು, ನಲವತ್ತು ಜನ, ಆರು ಬೈಕು, ಎರಡು ಆಡು ತುಂಬಿದ ಬೋಟನ್ನು ಎಂಟಡಿಯ ರಾಡಿನಿಂದ ದಡಕ್ಕೆ ಎಳೆದು ತರುತ್ತಿದ್ದಾಳೆ. ಜೆಟ್ಟಿ ಪೂರ್ತಿ ಚಪ್ಪಾಳೆ.

ಬೋಟು ದಡ ಮುಟ್ಟಿದಾಗ ಅದರ ಮೂತಿಯಲ್ಲಿ ನಿಂತಿದ್ದ ಒಬ್ಬ ಮೀನು ಮಾರುವ ಹೆಂಗಸು ಕೇಳಿದಳು, "ಎಲ್ಲರನ್ನೂ ಮನೆಗೆ ಒಯ್ಯುತ್ತೀಯೋ, ದಪ್ಪಗಿದ್ದವರನ್ನು ಮಾತ್ರವೋ?"

ಸಾಹೇಬರು ನನ್ನ ಕೈಯಿಂದ ರಾಡು ತೆಗೆದುಕೊಂಡು ತುದಿಯಿಂದ ಹಿಡಿಕೆಯ ತನಕ ಬೆರಳಾಡಿಸಿದರು. ಒಂದು ಗೆರೆ ಕೂಡ ಬಿದ್ದಿರಲಿಲ್ಲ.

"ರಾಡು ಸರಿ" ಎಂದರು ಕೊನೆಗೆ. "ಆದರೆ ಮೀನು?"

"ಮೀನು ಹಿಡಿಯಬೇಕು ಅಂತ ನೀವು ಹೇಳಿರಲಿಲ್ಲ ಸಾಹೇಬರೇ. ಮುರಿಯಬಾರದು ಅಂದಿರಿ. ಮುರಿದಿಲ್ಲ."

ಟೈರಿನಿಂದ ಗಾಳ ಬಿಡಿಸಲು ಇಬ್ಬರೂ ಬೋಟಿಗೆ ಹತ್ತಿದೆವು. ಆರು ಮುಳ್ಳು ಬಿಡಿಸುವುದೆಂದರೆ ಹೊತ್ತು ಬೇಕು. ಬೋಟಿನವನಿಗೆ ತಾಳ್ಮೆ ಇರಲಿಲ್ಲ, ಹೊರಟೇಬಿಟ್ಟ. ಖಾಡಿಯ ನಡುವೆ, ಆಡುಗಳ ಪಕ್ಕದಲ್ಲಿ ಕೂತು, ಸಾಹೇಬರು ಚೀಲದಿಂದ ಏಜೆನ್ಸಿಯ ಕಾಗದ ತೆಗೆದರು. ಮೇಜು ಇರಲಿಲ್ಲ. ಅದೇ ಮೀನಿನವಳು ತನ್ನ ಬುಟ್ಟಿಯ ಮುಚ್ಚಳ ಮುಂದೆ ಮಾಡಿದಳು. ನನ್ನ ಹೆಸರು ಬರೆಯುವಾಗ ಆಡು ಕಾಗದದ ಒಂದು ಮೂಲೆಯನ್ನು ತಿಂದಿತು. ಪುಣ್ಯಕ್ಕೆ ಸಹಿಯ ಕಡೆಯ ಮೂಲೆ ಅಲ್ಲ.

ಈಗ ನನ್ನದು ಎಂದು ಇರುವುದು ಇಷ್ಟು: ಒಂಬತ್ತು ಅಡಿ ಅಗಲದ ಒಂದು ಅಂಗಡಿ, ಗೋಡೆಯ ತುಂಬ ರಾಡುಗಳು, ಕನ್ನಡ, ಮರಾಠಿ ಎರಡರಲ್ಲೂ ನನ್ನ ಹೆಸರು ಬರೆದ ಬೋರ್ಡು, ಮೂರು ಮೂಲೆಯ ಒಂದು ಕಾಗದ. ಅದಕ್ಕೆ ತೆತ್ತದ್ದು: ಹನ್ನೊಂದು ವರ್ಷ, ಅಂಗಡಿಗಾಗಿ ಮಾರಿದ, ಅವ್ವ ಹಾಕಿದ ಚಿನ್ನದ ಬಳೆ ಬಿಲ್ವಾರ, ಸಣ್ಣಕ್ಷರ ಓದಿ ಓದಿ ಬದಲಿಸಿದ ಎರಡು ಕನ್ನಡಕ, ಮತ್ತು ಫೆರಿಯ ನಾಲ್ಕು ಟಿಕೆಟ್. ಹೋಗುವುದಕ್ಕೆ ಎರಡು, ಬರುವುದಕ್ಕೆ ಎರಡು. ಸಾಹೇಬರ ಚಪ್ಪಲಿಯೂ ಪಾಕೀಟೂ ಜೆಟ್ಟಿಯಲ್ಲೇ ಉಳಿದಿದ್ದವು.